ಮಲಗಿದಾಗ ಎಲ್ಲ ಸರಿ ಇತ್ತು

ನನ್ನ ಸೊಂಟದ ಎಕ್ಸ್‌ರೇ ನೋಡಿದವರೆಲ್ಲ ಅದನ್ನು ಹೊಗಳಿದ್ದಾರೆ. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಹೊಗಳಿದರು, ಅವರ ಬೆನ್ನ ಹಿಂದೆ ನಿಂತಿದ್ದ ಕಿರಿಯ ಡಾಕ್ಟರುಗಳು ಹೊಗಳಿದರು, ನರ್ಸು ಹೊಗಳಿದಳು. ಎಲುಬಿನ ಗಂಧಗಾಳಿ ಇಲ್ಲದ ನನ್ನ ನಾದಿನಿ ಖೈರೂನ್ ಕೂಡ ಮೊಬೈಲಿನಲ್ಲಿ ನೋಡಿ ಮಾಶಾಅಲ್ಲಾ ಎಂದಳು. ಆ ಚಿತ್ರದೊಳಗೆ ಇದ್ದವಳು ನಾನು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಕಾಯಿಲೆಯಿಂದ ಎದ್ದವರು ಬರೆಯಲು ಕೂತಾಗ ದೇವರಿಗೆ, ಡಾಕ್ಟರಿಗೆ, ಮನೆಯವರಿಗೆ ಧನ್ಯವಾದ ಹೇಳುತ್ತಾರೆ. ನನಗೆ ಅಷ್ಟು ಒಳ್ಳೆಯ ಗುಣ ಬಂದಿಲ್ಲ. ದೇವರಿಗೆ ಹೇಳಬೇಕಾದದ್ದನ್ನು ಅವನಿಗೇ ಹೇಳಿಕೊಳ್ಳುತ್ತೇನೆ. ಉಳಿದವರ ಮೇಲೆ ಸಿಟ್ಟಿದೆ, ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಿಮಗೂ ಹೊಸ ಕೀಲು ಹಾಕಿದ್ದು, ಫಿಲ್ಮು ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದು, ಒಳಗೆ ಏನೋ ಸರಿಯಿಲ್ಲ ಎಂದು ನಿಮಗೊಬ್ಬರಿಗೇ ಅನಿಸುತ್ತಿದ್ದರೆ, ಹಾಗೆ ಅನಿಸಿದ ಇನ್ನೊಬ್ಬಳು ಮುಂಬಯಿಯ ಕುರ್ಲಾದಲ್ಲಿದ್ದಾಳೆ ಎಂದು ತಿಳಿಯಿರಿ.

ನಾನು ರಜಿಯಾ. ಹುಟ್ಟಿದ್ದು ಗದಗಿನ ಕಡೆ, ಮದುವೆಯಾಗಿ ಬಂದಿದ್ದು ಮುಂಬಯಿಗೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆಯೇ ಮುಚ್ಚುವ ಹೊತ್ತಿಗೆ ನನಗೂ ರಿಟೈರ್ಮೆಂಟ್ ಬಂತು. ನನ್ನ ಗಂಡ ಮಾಬುಸಾಬರದು ಸ್ಟೇಷನ್ ಹತ್ತಿರ ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ನಮ್ಮ ನದಾಫರ ಮನೆತನದ ಕಸುಬು. ಈಗ ಫೋಮಿನ ಗಾದಿಯನ್ನೂ ಇಟ್ಟಿದ್ದಾರೆ, ಅದನ್ನು ಬೈದುಕೊಂಡೇ ಮಾರುತ್ತಾರೆ. ಒಬ್ಬಳೇ ಮಗಳು ಅಸ್ಮಾ, ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಮಾಬುಸಾಬರ ತಂಗಿ ಖೈರೂನ್ ಗಂಡ ತೀರಿಕೊಂಡ ಮೇಲೆ ಇದೇ ಬಿಲ್ಡಿಂಗಿನ ಕೆಳಗಿನ ಮಾಳಿಗೆಯಲ್ಲಿ ಇರುತ್ತಾಳೆ, ಅಂದರೆ ದಿನದ ಹೆಚ್ಚು ಹೊತ್ತು ನಮ್ಮ ಮನೆಯಲ್ಲಿ.

ಎಡಗಾಲಿನ ನೋವು ಮೊದಲು ಕಾಣಿಸಿದ್ದು ರೈಲ್ವೆ ಬ್ರಿಜ್ಜಿನ ಮೆಟ್ಟಿಲ ಮೇಲೆ. ಹಿಂದಿನವರು ತಳ್ಳುತ್ತಾರೆ, ಮುಂದಿನವರು ನಿಲ್ಲುವುದಿಲ್ಲ, ನಡುವೆ ನಾನು ಕಟಕಟೆ ಹಿಡಿದು ನಿಂತು ಬೈಸಿಕೊಳ್ಳುತ್ತಿದ್ದೆ. ತೊಡೆಯ ಎಲುಬಿನ ತುದಿಯ ಗುಂಡು ಸವೆದು ಚಪ್ಪಟೆಯಾಗಿದೆ, ಕೀಲನ್ನೇ ಬದಲಾಯಿಸಬೇಕು ಎಂದರು. ಆಗಲೇ ನಾನು ದೊಡ್ಡ ಡಾಕ್ಟರಿಗೆ ಒಂದು ಮಾತು ಹೇಳಿದ್ದೆ. ನನ್ನ ಬೆನ್ನು ಬಹಳ ವರ್ಷಗಳಿಂದ ಬಗ್ಗುವುದಿಲ್ಲ, ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಲೂ ನಾನು ಸೊಂಟದಿಂದಲೇ ಮಡಚಬೇಕು ಎಂದೆ. ಅವರು ಪೆನ್ನು ಮುಚ್ಚುತ್ತ, "ಮೇಡಂ, ಬೆನ್ನಿಗೆ ಬೇರೆ ಡಾಕ್ಟರ್ ಇದ್ದಾರೆ. ನಾನು ಹಿಪ್ ನೋಡುವವನು" ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಬೆನ್ನೂ ಸೊಂಟವೂ ಬೇರೆ ಬೇರೆ ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದ ಹಾಗೆ ಮಾತು ಮುಗಿಯಿತು.

ಆಪರೇಷನ್ ಆದ ಮರುದಿನ ಸ್ಟ್ರೆಚರ್ ಮೇಲೆ ಎಕ್ಸ್‌ರೇ ಕೋಣೆಗೆ ಒಯ್ದರು. ಐಸ್‌ನಂತೆ ತಣ್ಣಗಿದ್ದ ಹಲಗೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಪಾದಗಳ ಹೆಬ್ಬೆರಳು ಒಂದನ್ನೊಂದು ನೋಡುವಂತೆ ತಿರುಗಿಸಿ ಹಿಡಿದರು. ನಾನು ಕೂಗಿದೆ. "ಹಿಲನಾ ನಹೀ" ಎಂದು, ಅಲುಗಾಡಬೇಡವೆಂದು, ಗೋಡೆಯ ಆಚೆಯಿಂದ ಯಾರೋ ಗದರಿದರು. ಸಂಜೆ ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬಿನ ಗುಂಡು ಕೂರುವ ಹೊಸ ಬಟ್ಟಲು ಎಷ್ಟು ಓರೆಯಾಗಿ ಕೂರಬೇಕೋ ಅಷ್ಟೇ ಓರೆಯಾಗಿ ಕೂತಿದೆ, ಪಾಠಪುಸ್ತಕದಲ್ಲಿ ಹಾಕುವಂಥ ಚಿತ್ರ ಎಂದು ಕಿರಿಯರಿಗೆ ತೋರಿಸಿದರು. ಎಲ್ಲರೂ ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡರು. ಮಾಬುಸಾಬರೂ ಹೊಡೆದುಕೊಂಡರು.

ರಾತ್ರಿಯಾಗುವಷ್ಟರಲ್ಲಿ ಅದು ಮನೆತನದ ವಾಟ್ಸಾಪ್ ಗುಂಪಿನಲ್ಲಿತ್ತು. ನನ್ನ ಸೊಂಟ ಗದಗ, ಹುಬ್ಬಳ್ಳಿ, ದುಬೈವರೆಗೂ ಹೋಗಿಬಂತು. ಮೈದುನಂದಿರು, ಅಳಿಯಂದಿರು, ಎಂದೂ ಕಂಡಿರದ ಬೀಗರು ಹೆಬ್ಬೆರಳ ಗುರುತು ಒತ್ತಿದರು. ತಲೆಯ ಮೇಲಿನ ಸೆರಗು ಜಾರದಂತೆ ಇಷ್ಟು ವರ್ಷ ಬದುಕಿದವಳ ಒಳಗಿನ ಎಲುಬನ್ನೇ ಊರಿಗೆಲ್ಲ ತೋರಿಸಿದ್ದರು. ಮೊಬೈಲ್ ಕಸಿದುಕೊಳ್ಳುವ ಶಕ್ತಿ ಆಗ ನನಗೆ ಇರಲಿಲ್ಲ.

ಮನೆಗೆ ಕಳಿಸುವಾಗ ಹೇಳಿದ್ದಿಷ್ಟು. ನೆಲದ ಮೇಲೆ ಕೂರಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಕಮೋಡ್ ಇರಬೇಕು. ನಾನು ನಮಾಜಿನ ವಿಷಯ ಕೇಳಿದೆ. "ಕುರ್ಚಿ ಮೇಲೆ ಮಾಡಿ, ಏನೂ ತೊಂದರೆ ಇಲ್ಲ" ಎಂದರು. ಕುರ್ಚಿ ಮೇಲೆ ನಮಾಜು ಎಂದರೆ ಕೂತು ತಸ್ಬೀಹ್ ಮಣಿ ಎಣಿಸುವುದು ಎಂದು ಅವರು ತಿಳಿದಿರಬೇಕು. ಕುರ್ಚಿಯಲ್ಲೂ ಮುಂದಕ್ಕೆ ಬಾಗುವುದಿದೆ. ರುಕೂಗೆ ಸ್ವಲ್ಪ, ಹಣೆ ಹಚ್ಚುವ ಸಜ್ದಾಕ್ಕೆ ಅದಕ್ಕಿಂತ ಹೆಚ್ಚು. ಅದು ಅವರಿಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಹಣೆ ನೆಲಕ್ಕೆ ಹಚ್ಚದೆ ನಮಾಜು ಮಾಡುವುದು ನನಗೆ ಎಷ್ಟು ಕಷ್ಟವಾಯಿತು ಎಂಬುದನ್ನು ಹೇಗೆ ಹೇಳಲಿ. ಊಟ ಬಿಡು ಎಂದಿದ್ದರೆ ಸುಲಭವಾಗಿ ಬಿಡುತ್ತಿದ್ದೆ. ಮೊದಲ ದಿನ ಕುರ್ಚಿಯಲ್ಲಿ ಕೂತು ಅತ್ತೆ. ಮಾಬುಸಾಬರು ಅಂದೇ ಅಂಗಡಿಯಿಂದ ಹತ್ತಿ ತಂದು, ಒತ್ತಿ ಒತ್ತಿ ತುಂಬಿ, ಕುರ್ಚಿ ಎತ್ತರವಾಗುವಂತೆ ಗಟ್ಟಿ ದಿಂಬು ಹೊಲಿದುಕೊಟ್ಟರು. ಆ ಮನುಷ್ಯನಿಗೆ ಪ್ರೀತಿ ಇರಲಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ನನ್ನ ಜಗಳ ಬೇರೆಯದಕ್ಕೆ.

ಕುರ್ಚಿಗೆ ಒಗ್ಗಿಕೊಂಡೆ. ಆದರೆ ಜಾನಮಾಜು ಹಾಸದೆ ಮನಸ್ಸು ಒಪ್ಪಲಿಲ್ಲ. ನಮಾಜಿನ ಆ ಚಾಪೆಯನ್ನು ಮೊದಲಿನಂತೆ ಕಾಬಾದ ದಿಕ್ಕಿಗೆ, ಕಿಬ್ಲಾದ ಕಡೆಗೆ ಹಾಸಿ ಅದರ ಮೇಲೆ ಕುರ್ಚಿ ಇಡಿಸುತ್ತಿದ್ದೆ. ಪಾದಗಳಾದರೂ ಅದರ ಮೇಲಿರಲಿ ಎಂದು. ಇನ್ನು ಬಾಗುವ ಮಾತು. ನಾಲ್ಕು ಬೆರಳಷ್ಟು ತಲೆ ತಗ್ಗಿಸಿ ಮುಗಿಸುವವರಿದ್ದಾರೆ. ಅರ್ಧಂಬರ್ಧ ಕೆಲಸ ಮಾಡಿದ ಮಕ್ಕಳಿಗೆ ಜೀವಮಾನವೆಲ್ಲ ಕೆಂಪು ಗೆರೆ ಎಳೆದವಳು ನಾನು. ಬಾಗಬಹುದಾದಷ್ಟೂ ಬಾಗುತ್ತಿದ್ದೆ.

ಮೊದಲ ಸಲ ಜಾರಿದ್ದು ಒಂದು ಮಧ್ಯಾಹ್ನದ ನಮಾಜಿನಲ್ಲಿ. ಮನೆಯಲ್ಲಿ ಯಾರೂ ಇರಲಿಲ್ಲ. ಸಜ್ದಾಕ್ಕೆ ಬಾಗಿದಾಗ ಒಳಗೆ ಟಕ್ ಎಂದಿತು. ನೋವು ಬರುವ ಮೊದಲು ಒಂದು ಕ್ಷಣ ಕಾಲು ನನ್ನದಲ್ಲ ಅನಿಸಿತು, ಆಮೇಲೆ ಬಂದ ನೋವಿಗೆ ಕಣ್ಣು ಕತ್ತಲಾಗಿ ಪಕ್ಕಕ್ಕೆ ಉರುಳಿದೆ. ಕುರ್ಚಿ ಹಿಂದಕ್ಕೆ ಸರಿಯಿತು. ಖೈರೂನ್ ಬಂದು ಬಾಗಿಲು ತೆಗೆದಾಗ ಕಂಡದ್ದು ಇಷ್ಟು: ಕುರ್ಚಿ ದೂರದಲ್ಲಿ, ನಾನು ನೆಲದಲ್ಲಿ, ನನ್ನ ಕೆಳಗೆ ಜಾನಮಾಜು.

"ಯಾ ಅಲ್ಲಾ! ಭಾಬಿ, ಕೆಳಗ ಕುಂತ್ರೇನು? ಡಾಕ್ಟರ್ ಬ್ಯಾಡ ಅಂದಿದ್ರಲ್ಲ!"

"ಕುಂತಿಲ್ಲ... ಬಿದ್ದೀನಿ..." ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಣ್ಣನಿಗೆ ಫೋನ್ ಹಚ್ಚಿ, "ಭಾಬಿ ಕೆಳಗ ಕುಂತು ನಮಾಜ್ ಮಾಡಾಕ ಹೋಗ್ಯಾಳ" ಎಂದು ಅಳುತ್ತ ಹೇಳಿಯೇಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಕೀಲನ್ನು ಎಳೆದು ಕೂರಿಸಿದರು. ಮತ್ತೆ ಅದೇ ತಣ್ಣನೆ ಹಲಗೆ, ಮತ್ತೆ ಅಂಗಾತ, ಮತ್ತೆ ಪಾದ ಒಳಕ್ಕೆ. ಫಿಲ್ಮು ಮತ್ತೆ ಚೆಂದ ಬಂತು. ದೊಡ್ಡ ಡಾಕ್ಟರು ಅದನ್ನು ನೋಡಿ, ನನ್ನನ್ನು ನೋಡದೆ, ಮಾಬುಸಾಬರಿಗೆ ಹೇಳಿದರು. "ಕೀಲು ಕೂತ ಜಾಗ ಪರ್ಫೆಕ್ಟ್ ಇದೆ. ತಾನಾಗಿ ಜಾರುವುದಿಲ್ಲ. ಎಷ್ಟು ಹೇಳಿದರೂ ನಿಮ್ಮವರು ನಮಾಜಿಗೆ ಕೆಳಗೆ ಕೂರುವುದನ್ನು ಬಿಡುವುದಿಲ್ಲ."

ನಿಮ್ಮವರು ಎಂಬ ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. "ಸರ್, ನಾನು ಕುರ್ಚಿಯಲ್ಲಿ ಕೂತಿದ್ದೆ" ಎಂದೆ. ಅವರು ನಕ್ಕರು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಎದುರು ನಾನು ನಗುತ್ತಿದ್ದುದೂ ಹೀಗೇ ಇದ್ದಿರಬೇಕು.

ಅವರು ಹೋದ ಮೇಲೆ ಮಾಬುಸಾಬರು ಮಂಚದ ಹತ್ತಿರ ಬಂದು, ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದರು. "ರಜಿಯಾ, ಖರೇ ಹೇಳ. ಕೆಳಗ ಕುಂತಿದ್ದಿ ಹೌದಿಲ್ಲೊ?"

"ಇಲ್ರಿ. ಕುರ್ಚಿ ಮ್ಯಾಲ ಇದ್ದೆ."

"ಫಿಲ್ಮ್ ಚಲೋ ಐತಿ ಅಂತಾರಲ್ಲ. ಮತ್ತ ಹೆಂಗ ಜಾರಿತು?"

"ನನಗೇನ್ ಗೊತ್ತು? ಜಾರಿತು."

"ಖೈರೂನ್ ಕಣ್ಣಾರೆ ನೋಡ್ಯಾಳ. ಹೋಗ್ಲಿ ಬಿಡು, ನಾ ಬೈಯಾಂಗಿಲ್ಲ. ಅಲ್ಲಾಹ್ ಮಾಫ್ ಮಾಡ್ತಾನ."

ಮಾಡದ ತಪ್ಪಿಗೆ ಮಾಫಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವರು ಪ್ರೀತಿಯಿಂದ ಕ್ಷಮಿಸಿದರು. ನಮಾಜಿನ ವಿಷಯದಲ್ಲಿ ನಾನು ಸುಳ್ಳು ಹೇಳುತ್ತೇನೆ ಎಂದು, ಮದುವೆಯಾಗಿ ಅರ್ಧ ಆಯುಷ್ಯ ಜೊತೆಗೆ ಕಳೆದ ಮನುಷ್ಯ ನಂಬಿಬಿಟ್ಟರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ನೋವಿಗೆ ಎಂದುಕೊಂಡು ನರ್ಸನ್ನು ಕರೆದರು.

ಮನೆಗೆ ಬಂದಾಗ ಜಾನಮಾಜು ಮಡಚಿ ಕಪಾಟಿನ ಮೇಲೆ, ನನ್ನ ಕೈಗೆ ಎಟುಕದ ಕಡೆ ಹೋಗಿತ್ತು. ಯಾರು ಇಟ್ಟರು ಎಂದು ಕೇಳಲಿಲ್ಲ. ಖೈರೂನ್ ಬಂದವರಿಗೆಲ್ಲ, "ಏನ್ ಮಾಡೂದು, ಭಾಬಿಗೆ ನಮಾಜ್ ಮ್ಯಾಲ ಅಷ್ಟ ಜೀವ" ಎಂದು ನನ್ನ ಪರವಾಗಿ ಹೇಳುತ್ತಿದ್ದಳು. ಬಂದವರು ತಲೆ ಅಲ್ಲಾಡಿಸಿ, ಭಕ್ತಿ ಇರಲಿ, ಆದರೆ ವೈದ್ಯರ ಮಾತೂ ಕೇಳಬೇಕು ಎಂದು ಬುದ್ಧಿ ಹೇಳುತ್ತಿದ್ದರು. ಚಹಾ ಕುಡಿದು ಬುದ್ಧಿ ಹೇಳಿ ಹೋದವರ ಕಪ್ಪುಗಳನ್ನು ನಾನು ವಾಕರ್ ಹಿಡಿದು ನೋಡುತ್ತ ನಿಲ್ಲುತ್ತಿದ್ದೆ. ಒಂದನ್ನಾದರೂ ಒಡೆಯಬೇಕು ಅನಿಸುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಬೇರೆ ಇದೆ. ಎಲ್ಲರೂ ಅದನ್ನೇ ಹೇಳುತ್ತಿದ್ದರೆ ಒಮ್ಮೊಮ್ಮೆ ನನಗೇ ಸಂಶಯ ಬರುತ್ತಿತ್ತು. ನಿಜವಾಗಿಯೂ ಕೆಳಗೆ ಕೂತಿದ್ದೆನೇನೋ, ನೋವಿನಲ್ಲಿ ಮರೆತೆನೇನೋ ಎಂದು ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತಿದ್ದೆ. ಕುರ್ಚಿಯ ದಿಂಬಿನ ಗಟ್ಟಿತನ ನೆನಪಾದಾಗ ಸಮಾಧಾನವಾಗುತ್ತಿತ್ತು.

ಎರಡನೇ ಸಲ ಜಾರಿದ್ದೂ ಕುರ್ಚಿಯ ಮೇಲೆಯೇ, ಸಂಜೆಗೆ ಮುಂಚಿನ ನಮಾಜಿನಲ್ಲಿ. ಈ ಸಲ ಹೆದರಿ ಸ್ವಲ್ಪವೇ ಬಾಗಿದ್ದೆ, ಆದರೂ ಜಾರಿತು. ಮತ್ತೆ ನೆಲಕ್ಕೆ ಬಿದ್ದೆ, ಮತ್ತೆ ನೆಲದ ಮೇಲೇ ಸಿಕ್ಕೆ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಕಿರಿಯರಿಗೆ ಇಂಗ್ಲಿಷಿನಲ್ಲಿ, ಇದು ಹೇಳಿದ ಮಾತು ಕೇಳದ ಪೇಷಂಟು, ಕೀಲಿನದೇನೂ ತಪ್ಪಿಲ್ಲ ಎಂದರು. ಬುರ್ಖಾ ಹಾಕುವವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯ. ನಾನು ಇಂಗ್ಲಿಷಿನಲ್ಲೇ, ನಿಮ್ಮ ಫಿಲ್ಮಿನಲ್ಲಿ ನಾನು ಮಲಗಿದ್ದೇನೆ, ಬಿದ್ದಾಗ ನಾನು ಕೂತಿದ್ದೆ ಎಂದೆ. ಅವರು ಮುಂದಿನ ಮಂಚಕ್ಕೆ ಹೋದರು.

ಆ ಮಾತನ್ನು ಕೇಳಿಸಿಕೊಂಡವಳು ಅಸ್ಮಾ ಒಬ್ಬಳೇ. ಮನೆಗೆ ಬಂದ ಮೇಲೆ, "ಅಮ್ಮಿ, ಸೆಕೆಂಡ್ ಒಪಿನಿಯನ್ ತಗೊಳೋಣ ನಾ? ತೂ ಝೂಟ್ ನಹೀ ಬೋಲತಿ, ಮಾಲೂಮ್ ಹೈ. ಬೇರೆ ಡಾಕ್ಟರ್‌ಗೆ ದಿಖಾಯೇಂಗೇ" ಎಂದಳು. ನಾನು ಸುಳ್ಳು ಹೇಳುವವಳಲ್ಲ ಎಂದ ಅವಳ ಕಲಬೆರಕೆ ಕನ್ನಡ ನನಗೆ ಆ ದಿನ ಸಿಹಿಯಾಗಿ ಕೇಳಿಸಿತು.

ಮಾಬುಸಾಬರು ಬೇಡವೆನ್ನಲಿಲ್ಲ. ಆದರೆ ರಿಕ್ಷಾದಲ್ಲಿ ಕೂತು, "ಅಲ್ಲಿ ಹೋದಮ್ಯಾಲರೆ ಖರೇ ಹೇಳಿಬಿಡು, ತಿಳೀತಿಲ್ಲೊ? ಡಾಕ್ಟರ್ ಹತ್ರ ಮುಚ್ಚಿಡಬಾರದು" ಎಂದರು. ಆಸ್ಪತ್ರೆ ಬರುವವರೆಗೆ ನಾನು ರಸ್ತೆಯ ಕಡೆಗೇ ಮುಖ ಮಾಡಿ ಕೂತೆ.

ಹೊಸ ಆಸ್ಪತ್ರೆಯ ಒಪಿಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚುಗಳೆಲ್ಲ ತಗ್ಗು. ತಗ್ಗಿನಲ್ಲಿ ಕೂರಲು ನನಗೆ ಜೀವಭಯ. ವಾಕರ್ ಹಿಡಿದು ನಿಂತೆ. ಆಯಾ ಬಂದು ದಾರಿಗೆ ಅಡ್ಡ ನಿಲ್ಲಬೇಡ ಎಂದು ಗದರಿದಳು, ಅತ್ತ ಸರಿದರೆ ವಾಚ್‌ಮನ್ ಇತ್ತ ಹೋಗು ಎಂದ. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, ಮೂಲೆಯ ಎತ್ತರದ ಕುರ್ಚಿಯಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ವಯಸ್ಸಾದವರೊಬ್ಬರು ಮುಖ ಎತ್ತಿದರು. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಕಲ್ಲಿನ ಮುಂದೆ ನಿಂತು ನಿಂತು ಕಾಲು ಹೋಯಿತಂತೆ, ಊರು ಉಡುಪಿ ಕಡೆ.

"ನೀವು ಇಲ್ಲಿ ಕೂತ್ಕೊಳ್ಳಿ ಮಾರಾಯ್ರೆ. ಎತ್ತರದ್ದು ಇದೊಂದೇ ಉಂಟು. ನಂಗೆ ನಿಂತು ಅಭ್ಯಾಸ" ಎಂದು ಗೋಡೆ ಹಿಡಿದು ಎದ್ದರು.

ಬೇಡ ಎಂದರೂ ಕೇಳಲಿಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬರು, ನಾನು ಏನನ್ನೂ ಸಾಬೀತು ಮಾಡದೆಯೇ, ನನಗೆ ಕೂರಲು ಕಷ್ಟ ಎಂಬುದನ್ನು ಒಪ್ಪಿಕೊಂಡಿದ್ದರು. ಅವರ ಹೆಸರು ಕೇಳುವಷ್ಟರಲ್ಲಿ ನನ್ನನ್ನು ಒಳಗೆ ಕರೆದುಬಿಟ್ಟರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನಮಸ್ಕಾರವಿಲ್ಲ, ನಗುವಿಲ್ಲ. ಹಳೆಯ ಫಿಲ್ಮುಗಳನ್ನು ಒಂದೊಂದಾಗಿ ನೋಡಿ ಬದಿಗಿಟ್ಟರು. ಇವರೂ ಚೆನ್ನಾಗಿವೆ ಎನ್ನುತ್ತಾರೆ ಎಂದು ಕಾದೆ. ಅಷ್ಟರಲ್ಲಿ ಮಾಬುಸಾಬರು, "ಡಾಕ್ಟರ್ ಸಾಹೇಬಾ, ಇವಳು ನಮಾಜಿಗೆ ಕೆಳಗೆ ಕೂತು..." ಎಂದು ಹಿಂದಿಯಲ್ಲಿ ಶುರು ಮಾಡಿದರು.

"ನಿಮ್ಮನ್ನು ಕೇಳಲಿಲ್ಲ" ಎಂದು ಆಕೆ ತಡೆದು, ನನ್ನ ಕಡೆ ತಿರುಗಿದರು. "ಏನು ಮಾಡುತ್ತಿದ್ದಾಗ ಜಾರಿತು?"

"ಕುರ್ಚಿ ಮೇಲೆ ನಮಾಜು ಮಾಡುತ್ತಿದ್ದಾಗ."

"ಹೇಗೆ ಮಾಡುತ್ತೀರಿ? ತೋರಿಸಿ."

ಸ್ಟೂಲಿನ ಮೇಲೆ ಕೂರಿಸಿ, ಒಂದು ಕೈಯನ್ನು ನನ್ನ ತೊಡೆಯ ಮೇಲೆ, ಇನ್ನೊಂದನ್ನು ಬೆನ್ನ ಕೆಳಗಿನ ಎಲುಬಿನ ಮೇಲೆ ಇಟ್ಟರು. ನಾನು ಕೈಗಳನ್ನು ಮಂಡಿಯ ಮೇಲಿಟ್ಟು ನಿಧಾನವಾಗಿ ಬಾಗತೊಡಗಿದೆ. ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

"ಸಾಕು. ನಿಲ್ಲಿ." ಆಕೆ ನನ್ನ ಬೆನ್ನನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಿದರು. "ಈ ಬೆನ್ನು ಬಗ್ಗುವುದೇ ಇಲ್ಲವಲ್ಲ. ಆಪರೇಷನ್ ಮಾಡಿದವರಿಗೆ ಹೇಳಿದ್ದಿರಾ?"

"ಹೇಳಿದ್ದೆ. ಬೆನ್ನಿಗೆ ಬೇರೆ ಡಾಕ್ಟರ್ ಇದ್ದಾರೆ ಎಂದರು."

ಆಕೆ ಚೀಟಿಯಲ್ಲಿ ರಭಸದಿಂದ ಬರೆದರು. ನಿಂತು ಒಂದು, ಕೂತು ಒಂದು, ಕೂತು ಬಾಗಿ ಒಂದು, ಮೂರೂ ಪಕ್ಕದಿಂದ ತೆಗೆಯಬೇಕು.

ಎಕ್ಸ್‌ರೇ ತೆಗೆಯುವವನು ಚೀಟಿ ನೋಡಿ ಒಪ್ಪಲಿಲ್ಲ. ಸೊಂಟದ್ದನ್ನು ಮಲಗಿಸಿಯೇ ತೆಗೆಯುವುದು, ಹಲಗೆ ಏರಿ ಎಂದ. ನಾನು ಏರುವುದಿಲ್ಲ ಎಂದೆ. ಅವನು ದನಿ ಏರಿಸಿದ, ನಾನೂ ಏರಿಸಿದೆ. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ ನನ್ನದು, ಇನ್ನೂ ಉಳಿದಿತ್ತು. ಕಡೆಗೆ ಅವನು ಡಾಕ್ಟರಿಗೆ ಫೋನ್ ಮಾಡಿ, ಅಲ್ಲಿಂದಲೂ ಬೈಸಿಕೊಂಡು, ಸ್ಟೂಲನ್ನು ಗೋಡೆಯ ಹತ್ತಿರ ಎಳೆದು ತಂದ.

ಕೂತು ಬಾಗಿದ ಚಿತ್ರಕ್ಕೆ ಡಾಕ್ಟರೇ ಬಂದು, ಎಲ್ಲಿಯವರೆಗೆ ಬಾಗಬೇಕು ಎಂದು ಕೈ ಹಿಡಿದು ತೋರಿಸಿ, ಗಾಜಿನ ಆಚೆ ಹೋದರು. ಉಸಿರು ಹಿಡಿಯಿರಿ ಎಂದರು. ಸೀಸದ ಬಾಗಿಲು ಮುಚ್ಚಿತು. ನಾನೊಬ್ಬಳೇ ಆ ಕೋಣೆಯಲ್ಲಿ ಮಂಡಿಯ ಮೇಲೆ ಕೈಯಿಟ್ಟು ಬಾಗಿ ಕೂತಿದ್ದೆ. ಮೈಯೆಲ್ಲ ಬೆವರು. ಈಗ ಟಕ್ ಎಂದರೆ ಹಿಡಿಯುವವರಿಲ್ಲ. ಯಾ ಅಲ್ಲಾ, ಜಾರಿಸಬೇಡ ಎಂದು ಬೇಡಿಕೊಂಡೆ. ಅದೇ ಉಸಿರಿನಲ್ಲಿ, ಜಾರುವುದೇ ಆದರೆ ಇಲ್ಲೇ ಎಲ್ಲರೆದುರು ಜಾರಲಿ ಎಂದೂ ಬೇಡಿಕೊಂಡೆ. ಅಷ್ಟರಮಟ್ಟಿಗೆ ನನ್ನನ್ನು ತಂದು ನಿಲ್ಲಿಸಿದ್ದರು.

ಜಾರಲಿಲ್ಲ. ಡಾಕ್ಟರು ಚಿತ್ರಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನನ್ನನ್ನೂ ಮಾಬುಸಾಬರನ್ನೂ ಅಸ್ಮಾಳನ್ನೂ ಕರೆದರು. ಬೇರೆಯವರು ನಿಂತಲ್ಲಿಂದ ಕೂತಾಗ ಬೆನ್ನು ಬಳುಕಿ, ಸೊಂಟದ ಎಲುಬು ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಬಟ್ಟಲೂ ತಿರುಗಿ ಎಲುಬಿನ ಗುಂಡು ಆಡಲು ಜಾಗ ಬಿಡುತ್ತದೆ. ನನ್ನದು ನಿಂತಾಗ ಹೇಗಿತ್ತೋ ಕೂತಾಗಲೂ ಹಾಗೇ ಇತ್ತು. ಬಾಗಿದ ಚಿತ್ರದಲ್ಲಿ ಬಟ್ಟಲಿನ ಅಂಚು ಗುಂಡಿನ ಕೆಳಗಿನ ಕುತ್ತಿಗೆಗೆ ತಾಗಿ ನಿಂತಿದ್ದು ನನ್ನಂಥ ಕನ್ನಡ ಟೀಚರಿಗೂ ಕಾಣಿಸಿತು. ಇನ್ನು ಸ್ವಲ್ಪ ಬಾಗಿದ್ದರೆ ಅದು ಗುಂಡನ್ನು ಮೀಟಿ ಹೊರಗೆ ಹಾಕುತ್ತಿತ್ತು.

"ಮಲಗಿದಾಗ ಎಲ್ಲ ಸರಿಯಾಗಿದೆ. ಆದರೆ ಇವರು ಮಲಗಿಕೊಂಡೇ ಬದುಕುವುದಿಲ್ಲವಲ್ಲ" ಎಂದರು ಡಾಕ್ಟರು. ಆಮೇಲೆ ಮಾಬುಸಾಬರ ಕಡೆ ನೋಡಿ, "ಇದು ಜಾರಲು ನೆಲ ಬೇಕಿಲ್ಲ, ಕುರ್ಚಿಯೇ ಸಾಕು" ಎಂದರು.

ಆ ಫಿಲ್ಮು ನಾನು ಸತ್ಯವಂತೆ ಎಂದು ಹೇಳಲಿಲ್ಲ. ನಾನು ಹೇಳಿದ್ದು ಆಗಬಹುದಾದದ್ದು ಎಂದಷ್ಟೇ ಹೇಳಿತು. ಮಾಬುಸಾಬರಿಗೆ ಅಷ್ಟು ಸಾಕಾಯಿತು. ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ತಪ್ಪಾತು ರಜಿಯಾ. ನನಗ ತಿಳೀಲಿಲ್ಲ" ಎಂದರು. ಕಣ್ಣು ಒದ್ದೆಯಾಗಿತ್ತು. ನಾನು ವಾಕರ್ ಮುಂದಿಟ್ಟು ನಡೆದೆ. ಮನೆ ಮುಟ್ಟುವಷ್ಟರಲ್ಲಿ ಈ ಫಿಲ್ಮೂ ವಾಟ್ಸಾಪ್ ಗುಂಪಿಗೆ ಹೋಗಿತ್ತು, ಕೆಳಗೆ ಖೈರೂನ್ ಅಳುವ ಮುಖಗಳ ಸಾಲು ಕಳಿಸಿದ್ದಳು. ಮತ್ತೆ ನನ್ನ ಎಲುಬು, ಮತ್ತೆ ಹೆಬ್ಬೆರಳುಗಳು. ಎಲ್ಲರೂ ನನ್ನನ್ನು ನಂಬಿದರು ಎಂದು ಅಸ್ಮಾ ಸಂತೋಷಪಟ್ಟಳು. ನನ್ನನ್ನಲ್ಲ, ಆಗ ಒಂದು ಫಿಲ್ಮನ್ನು ನಂಬಿದ್ದರು, ಈಗ ಇನ್ನೊಂದನ್ನು ನಂಬಿದ್ದಾರೆ ಎಂದೆ. ಇದೂ ಚೆಂದ ಬಂದಿದ್ದರೆ ನಾನು ಸಾಯುವವರೆಗೆ ಸುಳ್ಳುಗಾತಿಯಾಗಿಯೇ ಇರುತ್ತಿದ್ದೆ.

ಅಸ್ಮಾಳ ಹಟಕ್ಕೆ ಆ ಚಿತ್ರಗಳನ್ನು ಹಳೆಯ ದೊಡ್ಡ ಡಾಕ್ಟರಿಗೂ ತೋರಿಸಿದೆವು. ಅವರು ಪರದೆಯನ್ನು ನೋಡಿದರು. ತಮ್ಮ ಬಟ್ಟಲು ಲೆಕ್ಕದ ಒಳಗೇ ಇದೆ, ನನ್ನ ದೇಹವೇ ಸ್ವಲ್ಪ ವಿಚಿತ್ರ ಎಂದರು. ನಾನು ಬೆನ್ನಿನ ವಿಷಯ ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ. ದಿನಕ್ಕೆ ಎಷ್ಟೋ ಪೇಷಂಟುಗಳು ಎಂದರು. ಅಲ್ಲಿಂದ ಎದ್ದು ಬರುವಾಗ ನಾನು ಬಾಗಿಲನ್ನು ಜೋರಾಗಿ ಹಾಕಿದೆ. ಅದೊಂದು ಸಂತೋಷ ನನಗೆ ಸಿಕ್ಕಿತು.

ಎರಡನೇ ಆಪರೇಷನ್ನಿನಲ್ಲಿ ಹೊಸ ಡಾಕ್ಟರು ಬಟ್ಟಲನ್ನು ತೆಗೆದು ನನ್ನ ಬೆನ್ನಿಗೆ ಹೊಂದುವ ಓರೆಯಲ್ಲಿ ಕೂರಿಸಿದರು. ಮೊದಲ ಸಲಕ್ಕಿಂತ ಹೆಚ್ಚು ನೋವು, ಹೆಚ್ಚು ಭಯ, ಕಡಿಮೆ ಹಣ್ಣು ತಂದ ನೆಂಟರು. ಆಮೇಲೆ ಮಲಗಿಸಿ, ನಿಲ್ಲಿಸಿ, ಕೂರಿಸಿ, ಬಾಗಿಸಿ ಎಕ್ಸ್‌ರೇ ತೆಗೆದರು. ಕುರ್ಚಿಯಲ್ಲಿ ಬೇಕಾದಷ್ಟು ಬಾಗಿ ಎಂದು ಡಾಕ್ಟರು ಹೇಳಿದರು, ಆಗಲೂ ನಗಲಿಲ್ಲ. ನಿಮಗೆ ನಾನು ಹೇಳಬಹುದಾದ ಉಪಯೋಗದ ಮಾತು ಇದೊಂದೇ. ಯಾವ ಭಂಗಿಯಲ್ಲಿ ನಿಮಗೆ ಕಷ್ಟವೋ ಆ ಭಂಗಿಯನ್ನು ಡಾಕ್ಟರಿಗೆ ಮಾಡಿ ತೋರಿಸಿ. ಬೇಡವೆಂದರೂ ತೋರಿಸಿ.

ಈಗ ಕುರ್ಚಿಯಲ್ಲಿ ಪೂರ್ತಿ ಬಾಗುತ್ತೇನೆ, ಏನೂ ಆಗುವುದಿಲ್ಲ. ಮಾಬುಸಾಬರು ಕಾಲೊತ್ತುತ್ತಾರೆ, ನೀರು ತಂದುಕೊಡುತ್ತಾರೆ. ಎಲ್ಲರೂ ಎಲ್ಲವನ್ನೂ ಮರೆತಿದ್ದಾರೆ. ನನಗೆ ಮಾತ್ರ ಆ ದನಿ ಕಿವಿಯಿಂದ ಹೋಗಲಿಲ್ಲ. ಖರೇ ಹೇಳ ರಜಿಯಾ. ಒಳಗೆ ಕುದಿಯುತ್ತಲೇ ಇತ್ತು. ಒಂದು ಮಧ್ಯಾಹ್ನ ಅವರು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ರೀ, ಸೊಂಟದ ಚಪ್ಪಿ ಮತ್ತ ಜಾರಿದಂಗ ಆಗೇತಿ. ಭಾಳ ನೋವು."

ಹೊಸ ಫಿಲ್ಮುಗಳ ಲಕೋಟೆ ಅವರ ತಲೆಯ ಮೇಲಿನ ಶೆಲ್ಫಿನಲ್ಲಿತ್ತು. ಅವರು ಅತ್ತ ನೋಡಲಿಲ್ಲ. ಏನು ಮಾಡುತ್ತಿದ್ದೆ, ಎಲ್ಲಿ ಕೂತಿದ್ದೆ ಎಂದು ಕೇಳಲಿಲ್ಲ. ಬಾಯಿಯಲ್ಲಿದ್ದ ತುತ್ತನ್ನೂ ನುಂಗದೆ, ಎಂಜಲ ಕೈಯಲ್ಲೇ ಎದ್ದು ಬಂದು ನನ್ನನ್ನು ಹಿಡಿದುಕೊಂಡರು. ರಿಕ್ಷಾದವನಿಗೆ ಆಸ್ಪತ್ರೆಯ ಹೆಸರು ಹೇಳಿ, ಗುಂಡಿ ತಪ್ಪಿಸಿ ಓಡಿಸು ಎಂದು ಮರಾಠಿಯಲ್ಲಿ ಬೇಡಿಕೊಂಡರು.

ಸಿಗ್ನಲ್ಲಿಗೆ ಬಂದಾಗ ಹೇಳಿದೆ. "ನೋವಿಲ್ರಿ. ಏನೂ ಆಗಿಲ್ಲ. ಸುಳ್ಳ ಹೇಳಿದೆ."

"ಅಂದ್ರ?"

"ನಾ ಖರೇ ಹೇಳಿದಾಗ ನಂಬಲಿಲ್ಲ. ಸುಳ್ಳ ಹೇಳಿದ್ರ ಏನ್ ಮಾಡ್ತೀರಿ ಅಂತ ನೋಡಬೇಕಿತ್ತು."

ಬೈಯುತ್ತಾರೆ ಎಂದು ಕಾದೆ. ಅವರು ತಮ್ಮ ಕೈಗೆ ಒಣಗಿ ಅಂಟಿದ್ದ ಸಾರನ್ನವನ್ನು ನೋಡಿಕೊಂಡರು. "ನಂಬಿದೆನಲ್ಲ" ಎಂದರು, ಮಗುವಿನಂತೆ.

ನನಗೆ ಬೇಕಾಗಿದ್ದು ಅದೇ, ಸಿಕ್ಕಿಯೂ ಬಿಟ್ಟಿತು. ಇಷ್ಟು ದಿನ ಆಸ್ಪತ್ರೆಯಲ್ಲಿ, ಮನೆಯಲ್ಲಿ, ಯಾರ ಮುಂದೆಯೂ ಜೋರಾಗಿ ಅಳದವಳು ಆಗ ಅತ್ತೆ. ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಿ ಎಂದು ಅತ್ತೆ. "ಇಷ್ಟ ಸಸಾರ ಇತ್ತೇನ್ರಿ ಇದು? ಅವತ್ತ ಯಾಕ ಆಗಲಿಲ್ಲ ನಿಮ್ಮ ಕೈಲೆ?" ಎಂದು ಅವರ ಅಂಗಿ ಹಿಡಿದು ಜಗ್ಗಿ ಕೇಳಿದೆ.

ಸಿಗ್ನಲ್ ಬಿಟ್ಟಿತು, ರಿಕ್ಷಾ ಆಸ್ಪತ್ರೆಯ ಕಡೆಗೇ ಓಡಿತು. ತಿರುಗಿಸು ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.